ಜೋಲಿಯೊಳಗಿನ ಗೊಂಬೆ

ತೋಟ ಇನ್ನೂ ಬಿಳಿ ದೊರೆಯ ಕೈಲಿದ್ದ ಕಾಲದ ಮಾತು. ಮೂಡಿಗೆರೆ ಕಡೆ ನಮ್ಮವ್ವ ಜವರಮ್ಮ ಕಾಫಿ ಹಣ್ಣು ಕುಯ್ಯೋಕೆ ಹೋಗುತ್ತಿದ್ದಳು. ನಾನಾಗ ಕೈಗೂಸು. ನನಗಿಂತ ಮುಂಚೆ ಹುಟ್ಟಿದ ಅಕ್ಕ ಚಳಿಜ್ವರಕ್ಕೆ ತೀರಿಕೊಂಡಿದ್ದಳು.

ಹಲಸಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಅವ್ವ ನನ್ನನ್ನು ಮಲಗಿಸುತ್ತಿದ್ದಳು. ಖಾಲಿ ಜೋಲಿ ತೂಗಿದರೆ ಮಗುವಿಗೆ ಆಗಿಬರೋದಿಲ್ಲ ಅಂತಾರೆ ನಮ್ಮಲ್ಲಿ. ಅದಕ್ಕೇ ಅಕ್ಕನನ್ನು ಸುತ್ತುತ್ತಿದ್ದ ಬಟ್ಟೆಗೆ ಕಾಫಿ ಹೊಟ್ಟು ತುಂಬಿ, ಗೇಣುದ್ದದ ಹೆಣ್ಣು ಗೊಂಬೆ ಹೊಲಿದಿದ್ದಳು. ನನ್ನನ್ನು ಹಾಲಿಗೆ ಎತ್ತಿಕೊಂಡಾಗೆಲ್ಲ ಜೋಲಿಯಲ್ಲಿ ಗೊಂಬೆ ಮಲಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವ್ವನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದೆನಂತೆ. ತೋಟದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಜೋಲಿ ಮಾತ್ರ ತೂಗುತ್ತಿತ್ತು, ಒಳಗೆ ಮಗು ಕಾಲು ಝಾಡಿಸಿದ ಹಾಗೆ. ಕೊಂಬೆ ಕಿರ್ರನ್ನುತ್ತಿತ್ತು. ಅವ್ವ ಹೋಗಿ ಗೊಂಬೆ ಎತ್ತಿಕೊಂಡರೆ ಮೈ ಬೆಚ್ಚಗಿತ್ತು. ಕೈಗೆ ಭಾರ ಬಂತು.

ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ಯುತ್ತಿದ್ದ ಮುದುಕಿ ಅಣ್ಣಮ್ಮ ಅದನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. "ಇದನ್ನ ಒಲೆಗೆ ಹಾಕು ಮಾರಾಯ್ತಿ."

"ಹೆಂಗೆ ಹಾಕ್ಲಿ ಅಜ್ಜಿ? ಬೆಚ್ಚಗೈತಲ್ಲ," ಅಂದ ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಇಷ್ಟು ಅವ್ವ ಹೇಳಿದ್ದು. ಇನ್ನು ನಾನೇ ಕಂಡದ್ದು ಹೇಳುತ್ತೇನೆ. ಅವ್ವ ಆ ಗೊಂಬೆಯ ಹೊಲಿಗೆ ಯಾವತ್ತೂ ಬಿಚ್ಚಲಿಲ್ಲ, ಹೊಟ್ಟು ಮತ್ತೆ ತುಂಬಲೂ ಇಲ್ಲ. ಯುಗಾದಿ ಬಂದರೆ ಹಳೇ ಸೀರೆ ಹರಿದು ಅದಕ್ಕೊಂದು ಲಂಗ ಹೊಲಿಯುತ್ತಿದ್ದಳು. ನನಗೆ ಬೇರೆ ಹೊಲಿದವಳಲ್ಲ.

ನಾನು ತೊಟ್ಟು ಬೆಳೆದದ್ದು ಗೊಂಬೆಗೆ ಚಿಕ್ಕದಾಗಿ ಬಿಟ್ಟ ಲಂಗಗಳನ್ನೇ.