ಗೋದಾಮಿನಲ್ಲಿ ಉಳಿದ ಮಾತ್ರೆಗಳು

"ಹಸಿದ ಮಗುವಿಗೆ ತಟ್ಟೆಯಲ್ಲಿರೋದು ಯಾವ ದೇಶದ್ದು ಅಂತ ಯಾಕೆ ಬೇಕು, ಮೇಡಂ?"

ಒಬ್ಬಟ್ಟು ಮುರಿಯುತ್ತಿದ್ದ ಮೈಥಿಲಿ ತಲೆಯೆತ್ತಿದಳು. ಕೇಳಿದವನ ಮುಖ ಹೊಸದು, ಕನ್ನಡಕದ ಹಿಂದಿನ ಕಣ್ಣಲ್ಲಿ ಸಿಟ್ಟು ಮಾತ್ರ ಹಳೆಯ ಪರಿಚಯದವನ ಸಿಟ್ಟಿನಂತೆ ಇತ್ತು.

ನೈರೋಬಿಯ ಹೈರಿಡ್ಜ್‌ನಲ್ಲಿ ಕನ್ನಡ ಕೂಟದ ಯುಗಾದಿ ಊಟ. ಕೂಟದ ಹಿರಿಯರಾದ ದ್ವಾರಕಾನಾಥ್ ತಮ್ಮ ಬಾಲ್ಯದ ಪುರಾಣ ಬಿಚ್ಚಿದ್ದರು. ಸರ್ಕಾರಿ ಶಾಲೆ, ಅಮೆರಿಕದಿಂದ ಬರುತ್ತಿದ್ದ ಗೋಧಿ ರವೆ, ಆ ಹಳದಿ ಉಪ್ಪಿಟ್ಟಿನ ಘಮ... ಮೈಥಿಲಿ ಸುಮ್ಮನಿರಲಾರದೆ ಬಾಯಿ ಹಾಕಿದ್ದಳು.

"ಮಹಾಯುದ್ಧ ಮುಗಿದ್ಮೇಲೆ ಅವರ ಮನೆಮನೆಗೂ ಫ್ರಿಜ್ ಬಂತು, ಕಾರ್ ಬಂತು ಅಂಕಲ್. ತಿಂದು ಮಿಕ್ಕಿದ್ದು ನಿಮ್ಮ ಸ್ಕೂಲಿಗೆ ಬಂತು. ನಾವು ರಷ್ಯಾ ಕಡೆ ವಾಲಬಾರದು ಅನ್ನೋ ಲೆಕ್ಕಾಚಾರ ಬೇರೆ. ಕೊಡೋರು ಯಾವತ್ತು ಬೇಕಾದ್ರೂ ಕೈ ಹಿಂದಕ್ಕೆ ತಗೋತಾರೆ."

ಅದಕ್ಕೇ ಈ ಹೊಸಬ ಎದ್ದು ನಿಂತಿದ್ದ.

"ನೀವೇನು ಅಮೆರಿಕದವರಾ?" ಎಂದಳು.

"ಅರಸೀಕೆರೆಯವನು. ಸಂಬಳ ಮಾತ್ರ ಅಮೆರಿಕದ್ದು."

ಸುತ್ತಲಿನವರು ನಕ್ಕರು. ಮೈಥಿಲಿಯ ಕಿವಿ ಬಿಸಿಯಾಯಿತು.

ಅವನು ಲಕ್ಷ್ಮೀಶ. ಗಿಗಿರಿ ಬಡಾವಣೆಯಲ್ಲಿ, ಅಮೆರಿಕದ ದುಡ್ಡಿನಲ್ಲಿ ಔಷಧಿ ಕೊಂಡು ಬಡವರ ಕ್ಲಿನಿಕ್‌ಗಳಿಗೆ ಹಂಚುವ ಆಫೀಸಿನಲ್ಲಿ ಗೋದಾಮಿನ ಉಸ್ತುವಾರಿ ಅವನದು. ಮೈಥಿಲಿ ಗುಜರಾತಿಗಳ ಔಷಧಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಮ್ಯಾನೇಜರ್. ಎಚ್‌ಐವಿ ಇರುವ ಮಕ್ಕಳ ಮಾತ್ರೆ ತಯಾರಾಗುತ್ತಿದ್ದದ್ದು ಅವಳ ಫ್ಯಾಕ್ಟರಿಯಲ್ಲಿ, ಅದನ್ನು ಕೊಳ್ಳುತ್ತಿದ್ದದ್ದು ಅವನ ಆಫೀಸು. ಹೀಗಾಗಿ ಮುಂದಿನ ವಾರವೇ ಇಬ್ಬರೂ ಒಂದೇ ಮೇಜಿನ ಆಚೀಚೆ ಕೂತರು. ಜಗಳ ಅಲ್ಲೂ ಮುಂದುವರಿಯಿತು. ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ, ಮಟಾಟು ವ್ಯಾನುಗಳ ಹಾರ್ನಿನ ನಡುವೆ, ಅವನ ಕಾರಿನಲ್ಲೂ ಮುಂದುವರಿಯಿತು. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಮರುವರ್ಷ ಸಂಕ್ರಾಂತಿಗೆ ಅವಳು ಅವನಿಗೆ ಎಳ್ಳು ಬೀರಿದಳು. ಅದರ ಹಿಂದೆಯೇ ವಾಷಿಂಗ್ಟನ್ನಿನಿಂದ ಆದೇಶ ಬಂತು. ಎಲ್ಲ ನಿಲ್ಲಿಸಿ. ಗೋದಾಮಿಗೆ ಬೀಗ ಹಾಕಿ. ಔಷಧಿ ಮಾಡಿಕೊಟ್ಟವರ, ಪಡೆಯುವವರ ಫೋನನ್ನೂ ಎತ್ತಬೇಡಿ.

ಅಲ್ಲಿ ಅವರ ಅಡುಗೆಮನೆಯಲ್ಲಿ ಮೊಟ್ಟೆ ದುಬಾರಿಯಾಗಿತ್ತಂತೆ. ಮೊದಲು ನಮ್ಮ ಮನೆ, ಆಮೇಲೆ ಊರು ಎಂದರಂತೆ. ಯಾರದೋ ಮನೆಯ ಊಟದ ಮೇಜಿನ ಮೇಲಿನ ಗೊಣಗಾಟಕ್ಕೆ ಇಲ್ಲಿ ನೈರೋಬಿಯಲ್ಲಿ ಮಕ್ಕಳ ಮಾತ್ರೆ ನಿಂತಿತು.

ಮೈಥಿಲಿ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮೆಸೇಜ್ ಹಾಕಿದಳು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

'ನಾನೂ ಅವನಿಗೆ ಬರೀ ಸಪ್ಲೈಯರ್ ಆಗ್ಬಿಟ್ನಾ?'

ಒಂದು ಬೆಳಿಗ್ಗೆ ತಡೆಯಲಾಗದೆ ಅವನ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ನಿಂತಳು. ಲಕ್ಷ್ಮೀಶ ಬಂದ. ಗಡ್ಡ ಬೆಳೆದಿತ್ತು.

"ಗೋದಾಮಿನ ಕೀ ನಿಮ್ಮ ಹತ್ರಾನೇ ಇದೆ. ಮಾತ್ರೆ ಒಳಗಿದೆ, ಮಕ್ಕಳು ಹೊರಗಿದಾರೆ. ನಿಮ್ಮ ಕೈಗೇನಾಗಿದೆ?"

ಆ 'ನಿಮ್ಮ' ಅವನಿಗೆ ನಾಟಿತು.

"ನಾನು ನಿನ್ ಜೊತೆ ಮಾತಾಡೋ ಹಾಗಿಲ್ಲ, ಮೈಥಿಲಿ."

"ನಿಮ್ಮ ಸಾಹೇಬರು ಬೇಡ ಅಂದ್ರಾ? ಸಂಬಳ ಮಾತ್ರ ಅಮೆರಿಕದ್ದು ಅಂದಿದ್ರಿ. ಬೆನ್ನುಮೂಳೇನೂ ಅವರದೇ ಅನ್ಸತ್ತೆ."

ಅವಳು ತಿರುಗಿ ನಡೆದಳು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಅಳು ಒತ್ತರಿಸಿಕೊಂಡು ಬಂತು. ಎಂಥವನನ್ನು ನಂಬಿದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

ವಾರ ಕಳೆಯಿತು. ಕಾಯೋಲೆ ಬಡಾವಣೆಯ ಮಕ್ಕಳ ಕ್ಲಿನಿಕ್ಕಿನಿಂದ ಸಿಸ್ಟರ್ ಆಚಿಯೆಂಗ್ ಫ್ಯಾಕ್ಟರಿಗೇ ಫೋನ್ ಮಾಡಿದರು.

"ಮೇಡಂ, ಆ ಗಿಗಿರಿಯವರು ತಂದುಕೊಟ್ಟ ಮಾತ್ರೆ ಮುಗಿಯುತ್ತಾ ಬಂತು. ಇನ್ನಷ್ಟು ಸಿಗುತ್ತಾ?"

"ಯಾರು... ಯಾವಾಗ ತಂದುಕೊಟ್ಟರು?"

"ಎಲ್ಲ ನಿಲ್ಲಿಸಿದರಲ್ಲ, ಅವತ್ತು ಸಂಜೆಯೇ. ತಮ್ಮದೇ ಕಾರಿನಲ್ಲಿ ತುಂಬಿಕೊಂಡು ಬಂದಿದ್ದರು. ಕನ್ನಡಕದ ಇಂಡಿಯನ್. ಅವರ ಫೋನ್ ಈಗ ಬಂದ್ ಆಗಿದೆ. ನಮ್ಮ ಅಸಾಂಟೆ, ಧನ್ಯವಾದ, ಹೇಳಿಬಿಡಿ."

'ನೋಡ್ತೀನಿ' ಎಂದು ಫೋನಿಟ್ಟು ಮೈಥಿಲಿ ಅವನ ಮನೆಗೆ ಹೊರಟಳು. ತಾನಾಡಿದ ಒಂದೊಂದು ಮಾತೂ ತಿರುಗಿ ಬಂದು ಎದೆಗೆ ಚುಚ್ಚಿತು.

ಅವನ ಮನೆಯ ಬಾಗಿಲು ತೆರೆದೇ ಇತ್ತು. ಹಾಲಿನ ನಡುವೆ ಎರಡು ಸೂಟ್‌ಕೇಸ್. ಲಕ್ಷ್ಮೀಶ ನೆಲದ ಮೇಲೆ ಕೂತು ಅಂಗಿ ಮಡಚುತ್ತಿದ್ದ.

"ಸಿಸ್ಟರ್ ಆಚಿಯೆಂಗ್ ಫೋನ್ ಮಾಡಿದ್ರು. ಯಾಕೆ ಹೇಳ್ಲಿಲ್ಲ?" ಬಾಗಿಲಲ್ಲೇ ನಿಂತು ಕೇಳಿದಳು.

"ನಿನಗೆ ಗೊತ್ತಿತ್ತು ಅಂತ ಆಗಿದ್ರೆ ನಿಮ್ಮ ಫ್ಯಾಕ್ಟರಿ ಹೆಸರೂ ಕಳ್ಳತನದಲ್ಲಿ ಸೇರ್ತಿತ್ತು. ಆಫೀಸಿನ ವಿಚಾರಣೆ ಮುಗಿಯೋವರೆಗೂ ಸುಮ್ನಿದ್ದೆ. ನಿನ್ನೆ ಮುಗೀತು. ಕೆಲಸಾನೂ ಮುಗೀತು."

"ಕಾರಲ್ಲಿ ಹಿಡಿಸಿದಷ್ಟಾದ್ರೂ ಮಕ್ಕಳಿಗೆ ಸಿಕ್ತಲ್ಲ..."

"ಹಿಡಿಸಿದ್ದು ಎಷ್ಟು ಗೊತ್ತಾ? ಗೋದಾಮಿನ ಒಂದು ಮೂಲೆ. ಉಳಿದದ್ದು ಅಲ್ಲೇ ಡೇಟ್ ಮುಗಿದು ಕಸ ಆಗತ್ತೆ." ಅವನು ಅಂಗಿಯನ್ನು ಬಿಸುಟ. "ನೀನೇ ಸರಿ ಹೇಳಿದ್ದೆ, ಅವತ್ತು ಊಟದಲ್ಲಿ. ಸಂತೋಷನಾ?"

ಗೆದ್ದ ವಾದ ಇಷ್ಟು ಕಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವನ ಪಕ್ಕದಲ್ಲೇ ಕುಸಿದು ಕೂತಳು.

"ಗೇಟಲ್ಲಿ ಆಡಿದ ಮಾತು... ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗತ್ತೆ. ಪ್ರೀತಿಸ್ತೀನಿ ಲಕ್ಷ್ಮೀಶ. ನಂಬಿಕೆ ಇಡೋದು ಮಾತ್ರ ಬರಲಿಲ್ಲ ನಂಗೆ."

ಅವನು ಬಿಸುಟ ಅಂಗಿಯನ್ನು ಎತ್ತಿ ಮತ್ತೆ ಮಡಚಿದ.

"ನಂಗೂ ನೀನೇ ಬೇಕು. ಆದ್ರೆ ಕೆಲಸ ಹೋದ್ಮೇಲೆ ಇಲ್ಲಿರೋ ಪರ್ಮಿಟ್ಟೂ ಇಲ್ಲ. ದೇಶ ಬಿಡ್ಬೇಕು."

"ನನ್ನ ಪರ್ಮಿಟ್ ಇದೆ. ಮದುವೆ ಆದ್ರೆ ನನ್ನ ಹೆಸರ ಮೇಲೆ ಡಿಪೆಂಡೆಂಟ್ ಪಾಸ್ ಸಿಗತ್ತೆ ನಿಂಗೆ."

ನೈರೋಬಿಯ ಕನ್ನಡದ ಮನೆಗಳಲ್ಲಿ ಆ ಪಾಸು ಹೆಂಡತಿಯರದ್ದು. ಎಂಜಿನಿಯರಿಂಗ್ ಓದಿದವರೂ ಗಂಡನ ಹೆಸರಿನ ಮೇಲೆ ಬಂದು, ದುಡಿಯುವ ಹಾಗಿಲ್ಲದೆ, ಮಧ್ಯಾಹ್ನಗಳನ್ನು ತಳ್ಳುವವರೇ. ಗಂಡಸೊಬ್ಬ ಹಾಗೆ ಇದ್ದದ್ದನ್ನು ಕೂಟದಲ್ಲಿ ಯಾರೂ ಕಂಡಿರಲಿಲ್ಲ.

"ಮನೇಲಿ ಕೂತು ಏನ್ ಮಾಡ್ಲಿ?"

"ಬೆಳಿಗ್ಗೆ ಪೂರ್ತಿ ಅಮೆರಿಕಾನ ಬೈಯಿ. ಮಧ್ಯೆ ಅನ್ನಕ್ಕಿಡು."

ಅವನು ನಗಲು ಹೋದ. ನಗು ದಾರಿಯಲ್ಲೇ ಮುರಿದು, ಮುಖ ಅವಳ ಹೆಗಲಿಗೆ ಒರಗಿತು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಸಿಸ್ಟರ್ ಇನ್ನೂ ಮಾತ್ರೆ ಕೇಳಿದ್ರಾ?" ಹೆಗಲಿನಿಂದಲೇ ಕೇಳಿದ.

"ಕೇಳಿದ್ರು. ನೋಡ್ತೀನಿ ಅಂದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಅದನ್ನ ನಾನು ಹೇಳ್ಬೇಕು."

"ಒಬ್ಬನೇ ಬೇಡ. ನಾಳೆ ಇಬ್ರೂ ಹೋಗಿ, ಎದುರಿಗೆ ನಿಂತು ಹೇಳೋಣ."

"ಈಗ ಯಾರ ಕಡೆಯವನು ಅಂತ ಹೇಳ್ಕೊಂಡು ಹೋಗ್ಲಿ ಮೈಥಿಲಿ?"

"ನನ್ನ ಕಡೆಯವನು ಅನ್ನು."

"ಹೂಂ," ಎಂದ ಲಕ್ಷ್ಮೀಶ. "ಹಾಗೇ ಅಂತೀನಿ."