ಅಪ್ಪನ ಕಾಲ್ಗುಣ

“ಅಪ್ಪಾ, ಒಳಗೆ ಬರಬೇಡ! ಪ್ಲೀಸ್!”

ಲಾಸ್ಯಾ ಸೋಫಾದ ಮೇಲಿಂದಲೇ ಕೂಗಿದಳು. ಟಿವಿಯಲ್ಲಿ ಬೇರ್ಸ್ ಟೀಮಿನ ಹುಡುಗರು ಮೈದಾನಕ್ಕೆ ಓಡಿ ಬರುತ್ತಿದ್ದರು. ಅಪ್ಪ ಹನುಮಂತರಾಜು ಚುರುಮುರಿಯ ಬಟ್ಟಲು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

“ಬಟ್ಟಲು ಕೊಟ್ಟು ಹೋಗ್ತೀನಿ ಕಣಮ್ಮ. ಟಿವಿ ಕಡೆ ನೋಡಲ್ಲ.”

“ನೋ! ನಾಗಾರ್ಜುನ ಅಂಕಲ್, ನೀವೇ ಹೋಗಿ ತಗೊಳ್ಳಿ.”

ಕೆಳಗಿನ ಮನೆಯ ನಾಗಾರ್ಜುನ ಅಂಕಲ್ ನಗುತ್ತಾ ಎದ್ದರು. “ರಾಜಣ್ಣ, ರೂಲ್ಸು ಅಂದ್ರೆ ರೂಲ್ಸು. ಬೇರೆ ದಿನ ಆಗಿದ್ರೆ ಕಿಚನ್ನಲ್ಲಿ ಇರಿ ಅಂತಿದ್ದೆ. ಇವತ್ತು ಸ್ಟ್ಯಾನ್‌ಫರ್ಡ್ ಜೊತೆ ಬಿಗ್ ಗೇಮು. ಕಿಚನ್ನೂ ಡೇಂಜರೇ!”

“ಹಾಗಾದ್ರೆ ಕಾರಲ್ಲಿ ಕೂತಿರ್ತೀನಿ ಬಿಡಪ್ಪ” ಎಂದರು ಅಪ್ಪ. ನಗುತ್ತಲೇ ಹೇಳಿದರು. ಜಾಕೆಟ್ ಹಾಕಿಕೊಂಡು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದರು.

ಅಮ್ಮ ಮೈಥಿಲಿ ಊಟದ ಮೇಜಿನ ಹತ್ತಿರ ತಟ್ಟೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಬಾಕ್ಸಿಗೆ ತುಂಬುತ್ತಿದ್ದರು. ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ಲಾಸ್ಯಾ ಕಡೆ.

ಈ ರೂಲ್ಸು ಮೊದಲು ಇರಲಿಲ್ಲ. ಅಪ್ಪ ಬರ್ಕ್ಲಿಯಲ್ಲಿ ಎರಡು ವರ್ಷ ಓದಿದವರು. ಬೇರ್ಸ್ ಅಂದರೆ ಅವರ ಕಾಲೇಜಿನ ಫುಟ್‌ಬಾಲ್ ಟೀಮು. ಇಲ್ಲಿನ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಲಾಸ್ಯಾ ನಾಲ್ಕು ವರ್ಷದವಳಿದ್ದಾಗಿನಿಂದ ಶನಿವಾರ ಬಂತೆಂದರೆ ಫ್ರೀಮಾಂಟಿನ ಈ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಟಿವಿ ಮುಂದೆಯೇ.

ಮ್ಯಾಚಿಗಿಂತ ಅಪ್ಪ ಹೇಳುವ ಕತೆಗಳೇ ಅವಳಿಗೆ ಇಷ್ಟ. ವರ್ಷಕ್ಕೊಮ್ಮೆ ಪಕ್ಕದ ಸ್ಟ್ಯಾನ್‌ಫರ್ಡ್ ಕಾಲೇಜಿನ ಜೊತೆ ನಡೆಯುವ ಬಿಗ್ ಗೇಮಿನಲ್ಲಿ ಗೆದ್ದವರಿಗೆ ಕಪ್ಪಲ್ಲ, ಒಂದು ಕೊಡಲಿ. ಅದು ಆರು ವರ್ಷದಿಂದ ಸ್ಟ್ಯಾನ್‌ಫರ್ಡಿನವರ ಹತ್ತಿರವೇ ಇದೆ. ಹಿಂದೆ ಒಂದು ಸಲ ಇನ್ನು ನಾಲ್ಕೇ ಸೆಕೆಂಡು ಉಳಿದಿತ್ತಂತೆ. ಮ್ಯಾಚು ಮುಗಿಯಿತು, ನಾವೇ ಗೆದ್ದೆವು ಅಂದುಕೊಂಡು ಸ್ಟ್ಯಾನ್‌ಫರ್ಡಿನ ಬ್ಯಾಂಡಿನವರು ವಾದ್ಯಗಳ ಸಮೇತ ಮೈದಾನಕ್ಕೇ ನುಗ್ಗಿದರಂತೆ. ನಮ್ಮ ಹುಡುಗರು ಚೆಂಡನ್ನು ಕೈಯಿಂದ ಕೈಗೆ ಎಸೆಯುತ್ತಾ, ಆ ಬ್ಯಾಂಡಿನ ನಡುವೆಯೇ ಓಡಿ ಗೆದ್ದುಬಿಟ್ಟರಂತೆ! ಇದನ್ನು ಹೇಳುವಾಗ ಅಪ್ಪ ದಿಂಬನ್ನೇ ಚೆಂಡು ಮಾಡಿಕೊಂಡು ಸೋಫಾ ಸುತ್ತ ಓಡುತ್ತಿದ್ದರು.

ಇನ್ನೊಂದು ಕತೆ ಎಪ್ಪತ್ತು ವರ್ಷ ಹಳೆಯದು. ಬೇರ್ಸ್ ಆಟಗಾರನೊಬ್ಬ ಗಲಿಬಿಲಿಯಲ್ಲಿ ದಿಕ್ಕು ತಪ್ಪಿ, ಚೆಂಡು ಹಿಡಿದುಕೊಂಡು ತಮ್ಮದೇ ಗೋಲಿನ ಕಡೆ ಓಡಿಬಿಟ್ಟ. ಅರ್ಧ ಮ್ಯಾಚು ಮುಗಿದಾಗ ಮೂಲೆಯಲ್ಲಿ ಕೂತು ಅತ್ತ. “ಆಗ ಕೋಚು ಬಂದು, ಏಳಪ್ಪಾ, ಇನ್ನೂ ಅರ್ಧ ಆಟ ಬಾಕಿ ಇದೆ ಅಂದ್ರು. ಅವನು ಎದ್ದು ಹೋಗಿ ಸಖತ್ತಾಗಿ ಆಡಿದ” ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದರು. ಈ ವರ್ಷ ಲಾಸ್ಯಾ ಕೇಳಿದಾಗ ಮಾತ್ರ, “ಓಡಿದ. ಒಂದು ಪಾಯಿಂಟಲ್ಲಿ ಸೋತ್ರು” ಎಂದು ನಿಲ್ಲಿಸಿಬಿಟ್ಟಿದ್ದರು. ಕೋಚಿನ ಮಾತು ಮರೆತೇಹೋಯಿತೇನೋ ಅಂದುಕೊಂಡಿದ್ದಳು ಅವಳು.

ಈ ಎರಡು ಸಾವಿರದ ಒಂದನೇ ವರ್ಷ ಯಾವುದೂ ಸರಿ ಇರಲಿಲ್ಲ. ಮಾರ್ಚಿನಲ್ಲಿ ಅಪ್ಪನ ಕಂಪನಿ ಮುಚ್ಚಿತು. ಮೇ ತಿಂಗಳಲ್ಲಿ ಇನ್ನೊಂದಕ್ಕೆ ಸೇರಿದರು. ಆಗಸ್ಟಿನಲ್ಲಿ ಅದೂ ಬಾಗಿಲು ಹಾಕಿತು. ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ. ಬರುವ ಬುಧವಾರ ಮೂವರಿಗೂ ಬೆಂಗಳೂರಿನ ಫ್ಲೈಟು. ಬೇರ್ಸ್ ಟೀಮಿನದೂ ಅದೇ ಪಾಡು. ಆಡಿದ್ದು ಒಂಬತ್ತು ಮ್ಯಾಚು, ಒಂಬತ್ತೂ ಸೋಲು. ಹೊರಡುವ ಮೊದಲು ಒಂದಾದರೂ ಗೆಲುವು ನೋಡಬೇಕು ಅಂತ ಲಾಸ್ಯಾಗೆ ಆಸೆ.

ಅಕ್ಟೋಬರಿನಲ್ಲಿ ಒಂದು ಮ್ಯಾಚು ಕೈಗೆ ಬಂದ ಹಾಗೇ ಇತ್ತು. ಅಪ್ಪ ಫೋನು ಮುಗಿಸಿ ಬಂದು ಕೂತರು, ನಮ್ಮ ಹುಡುಗ ಚೆಂಡು ಬೀಳಿಸಿದ. “ಅಯ್ಯೋ ರಾಜಣ್ಣ! ಕ್ರಿಕೆಟ್ ನೋಡುವಾಗ ಜಾಗ ಬದಲಾಯಿಸಿದ್ರೆ ವಿಕೆಟ್ ಬೀಳಲ್ವಾ, ಹಾಗೇ ಆಯ್ತು. ನೀವು ಕಿಚನ್ನಲ್ಲೇ ಇರಿ” ಅಂದಿದ್ದರು ನಾಗಾರ್ಜುನ ಅಂಕಲ್. ಅವರು ತಮಾಷೆಗೆ ಅಂದದ್ದು. ಲಾಸ್ಯಾ ನಿಜ ಅಂದುಕೊಂಡಳು. ಆಮೇಲೆ ಪ್ರತಿ ಶನಿವಾರ ಗಮನಿಸಿದಳು. ಅಪ್ಪ ಬಂದಾಗೆಲ್ಲ ಏನೋ ಒಂದು ಕೆಡುತ್ತಿತ್ತು.

ಹೋದ ವಾರ ಅಪ್ಪ ಕನ್ನಡಕ ಹುಡುಕಿಕೊಂಡು ಹಾಲಿಗೆ ಬಂದರು. ಅದೇ ಹೊತ್ತಿಗೆ ಎದುರಿನವರು ಟಚ್‌ಡೌನ್ ಮಾಡಿ ಪಾಯಿಂಟು ಹೊಡೆದರು. ಲಾಸ್ಯಾ ಕಿರುಚಿದಳು: “ಅಪ್ಪಾ! ನೀನು ಬಂದ್ರೆ ಸಾಕು, ಎಲ್ಲಾ ಹಾಳಾಗತ್ತೆ!”

ಅಪ್ಪ ಕನ್ನಡಕ ತೆಗೆದುಕೊಳ್ಳದೆಯೇ ಹೋದರು. ಅಡುಗೆಮನೆಯಲ್ಲಿ ಅಮ್ಮನಿಗೆ ಮೆಲ್ಲಗೆ, “ಮಗು ಹೇಳಿದ್ದು ಸರಿ. ನನ್ನ ಕಾಲ್ಗುಣ” ಅಂದದ್ದು ಕೇಳಿಸಿತು.

“ಕಾಲ್ಗುಣ ಅಂದ್ರೇನಮ್ಮ?” ಎಂದು ಆಮೇಲೆ ಕೇಳಿದ್ದಳು.

“ಕೆಲವರು ಕಾಲಿಟ್ಟ ಕಡೆ ಒಳ್ಳೇದಾಗತ್ತೆ, ಕೆಲವರು ಕಾಲಿಟ್ಟ ಕಡೆ ಕೆಡತ್ತೆ ಅಂತಾರೆ. ನಾನು ಮದುವೆಯಾಗಿ ಬಂದಾಗ ನನಗೂ ಅಂದಿದ್ರು. ಕೆಲಸಕ್ಕೆ ಬಾರದ ಮಾತು” ಎಂದಿದ್ದರು ಅಮ್ಮ.

ಟಿವಿಯಲ್ಲಿ ಹಾಫ್ ಟೈಮ್ ಆಯಿತು. ಅಂಕಲ್ ಕಾಫಿಗೆಂದು ಕೆಳಗೆ ಹೋದರು. ಲಾಸ್ಯಾ ಕಿಟಕಿಯಿಂದ ನೋಡಿದಳು. ಪಾರ್ಕಿಂಗಿನಲ್ಲಿ ಅವರ ಹಸಿರು ಕಾರು. ಅಪ್ಪ ಮನೆಗೆ ಬೆನ್ನು ಮಾಡಿ ಕೂತಿದ್ದರು.

“ಅಪ್ಪಂಗೆ ಚಳಿ ಆಗಲ್ವಾ?”

ಅಮ್ಮ ತಟ್ಟೆ ಸುತ್ತುವುದನ್ನು ನಿಲ್ಲಿಸಿದರು. “ಲಾಸ್ಯಾ, ನಿಂಗೊಂದು ವಿಷಯ ಹೇಳ್ಲಾ? ಮೊನ್ನೆ ಮಂಗಳವಾರ ಇಲ್ಲೇ ಹತ್ತಿರ ಬೆರ್ರಿಯೆಸಾದಲ್ಲಿ ಒಂದು ಇಂಟರ್‌ವ್ಯೂ ಇತ್ತು. ಅದೇ ಕೊನೇದು. ಸಿಕ್ಕಿದ್ರೆ ಇಲ್ಲೇ ಇರಬಹುದಿತ್ತು. ನಿಮ್ಮಪ್ಪ ಹೋಗ್ಲಿಲ್ಲ.”

“ವೈ?”

“ಚೆನ್ನಾಗಿ ನಡೀತಿರೋ ಕಂಪನಿ, ನಾನು ಹೋಗಿ ಯಾಕೆ ಹಾಳು ಮಾಡ್ಲಿ ಅಂದ್ರು. ನಗ್ತಾನೇ ಅಂದ್ರು. ಆದ್ರೆ ಹೋಗ್ಲಿಲ್ಲ.”

ಲಾಸ್ಯಾ ಚುರುಮುರಿಯ ಬಟ್ಟಲನ್ನು ಕೆಳಗಿಟ್ಟಳು. ಹಾಳಾಗತ್ತೆ. ಅದು ಅವಳ ಮಾತು. ಅವಳೇ ಕಿರುಚಿ ಹೇಳಿದ್ದು.

ಮ್ಯಾಚು ಮತ್ತೆ ಶುರುವಾಯಿತು. ಈ ಸಲ ಬೇರ್ಸ್ ಜೋರಾಗಿ ಆಡುತ್ತಿದ್ದರು. “ಬಂತು ಬಂತು! ನೋಡು ಪುಟ್ಟಿ, ರಾಜಣ್ಣ ಹೊರಗಿದ್ದಾರೆ, ನಾವು ಹೊಡೀತಿದೀವಿ!” ಎಂದು ಅಂಕಲ್ ಚಪ್ಪಾಳೆ ತಟ್ಟಿದರು.

ಲಾಸ್ಯಾ ತಟ್ಟಲಿಲ್ಲ. ಇವತ್ತು ಗೆದ್ದರೆ? ಅಪ್ಪ ಕಾರಿನಲ್ಲಿ ಕೂತಿದ್ದಕ್ಕೇ ಗೆದ್ದರು ಅಂತ ಆಗುತ್ತದೆ. ಅಂಕಲ್ ಅದನ್ನೇ ಹೇಳಿ ನಗುತ್ತಾರೆ. ಅಪ್ಪನೂ ನಗುತ್ತಾರೆ. ಮತ್ತೆ ಯಾವತ್ತೂ ಅಪ್ಪ ಅವಳ ಪಕ್ಕ ಬಂದು ಕೂರುವುದಿಲ್ಲ. ಬೆಂಗಳೂರಿನಲ್ಲೂ ಯಾವ ಬಾಗಿಲ ಒಳಗೂ ಧೈರ್ಯವಾಗಿ ಕಾಲಿಡುವುದಿಲ್ಲ.

ಅವಳು ಎರಡೂ ಕೈ ಬಿಗಿ ಹಿಡಿದುಕೊಂಡಳು. ಆರು ವರ್ಷದಿಂದ ಕಾದಿದ್ದ ಕೊಡಲಿ ಕಣ್ಣ ಮುಂದೆ ಬಂತು. ಅವಳು ಕಣ್ಣು ಮುಚ್ಚಿದಳು. ‘ಸೋಲಲಿ. ದೇವರೇ, ಸೋಲಲಿ.’ ಬೇಡಿಕೊಳ್ಳುತ್ತಿದ್ದ ಹಾಗೇ ಅಳು ಬಂತು.

ಬೇರ್ಸ್ ಏಳು ಪಾಯಿಂಟಿನಿಂದ ಸೋತರು.

“ಛೆ! ಹತ್ತನೇದೂ ಹೋಯ್ತು” ಎಂದು ಅಂಕಲ್ ತಲೆ ಮೇಲೆ ಕೈ ಹೊತ್ತರು. ಲಾಸ್ಯಾ ಆಗಲೇ ಬಾಗಿಲು ತೆಗೆದಿದ್ದಳು. ಚಪ್ಪಲಿ ಕೂಡ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದಳು.

ಅವಳನ್ನು ಕಂಡು ಅಪ್ಪ ಕಾರಿನ ಗಾಜು ಇಳಿಸಿದರು. ಅವರ ಮುಖ ಅರಳಿತ್ತು. “ಗೆದ್ರಾ?”

“ಸೋತ್ರು.”

ಅಪ್ಪನ ಮುಖ ಸಣ್ಣದಾಯಿತು. “ನಾನು ರೇಡಿಯೋನೂ ಹಾಕ್ಲಿಲ್ಲ ಕಣಮ್ಮ” ಎಂದರು. “ಸತ್ಯವಾಗ್ಲೂ. ಮನೆ ಕಡೆ ತಿರುಗೂ ನೋಡ್ಲಿಲ್ಲ.”

ಮಾಡದ ತಪ್ಪಿಗೆ ಟೀಚರ್ ಮುಂದೆ ನಿಂತ ಹುಡುಗನ ಹಾಗಿತ್ತು ಅವರ ದನಿ. ಲಾಸ್ಯಾಗೆ ತಡೆಯಲಾಗಲಿಲ್ಲ.

“ಗೊತ್ತು ಅಪ್ಪ! ಅದನ್ನೇ ಹೇಳೋಕೆ ಬಂದೆ. ನೀನು ಇರ್ಲಿಲ್ಲ. ನೋಡ್ಲೂ ಇಲ್ಲ. ಆದ್ರೂ ಸೋತ್ರು!”

ಅಪ್ಪ ಅವಳನ್ನೇ ನೋಡಿದರು. ಅವಳ ಕೆನ್ನೆ ಒದ್ದೆಯಾಗಿತ್ತು, ಬರಿಗಾಲು ಸಿಮೆಂಟಿನ ಮೇಲೆ ತಣ್ಣಗಾಗಿತ್ತು.

“ಐ ವಾಂಟೆಡ್ ದೆಮ್ ಟು ಲೂಸ್” ಎಂದಳು ಮೆಲ್ಲಗೆ.

ಅಪ್ಪ ಬಗ್ಗಿ ಪಕ್ಕದ ಬಾಗಿಲು ತೆರೆದರು. ಅವಳು ಒಳಗೆ ಕೂತಳು. ಅಪ್ಪ ಜಾಕೆಟ್ ಬಿಚ್ಚಿ ಅವಳ ಕಾಲಿಗೆ ಸುತ್ತಿದರು. ಆಮೇಲೆ ಸ್ಟಿಯರಿಂಗ್ ಮೇಲೆ ಹಣೆಯಿಟ್ಟರು. ಅವರ ಭುಜ ಅಲುಗಾಡುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡಳು. ನಗುತ್ತಿರಲಿಲ್ಲ. ಅಪ್ಪ ಅಳುವುದನ್ನು ಅವಳು ನೋಡಿಯೇ ಇರಲಿಲ್ಲ.

ಕಣ್ಣೊರೆಸಿಕೊಂಡು ಅಪ್ಪ ಕೇಳಿದರು, “ಇನ್ನೊಂದು ಮ್ಯಾಚಿದೆ ಅಲ್ವಾ? ಯಾವಾಗ?”

“ಶುಕ್ರವಾರ.”

ಅಷ್ಟರಲ್ಲಿ ಅವರು ಮೂವರೂ ಈ ದೇಶವನ್ನೇ ಬಿಟ್ಟಿರುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು.

“ನಾವು ಹೋದ್ಮೇಲೆ ಅವತ್ತು ಗೆದ್ದುಬಿಟ್ರೆ?” ಅಪ್ಪ ನಗಲು ನೋಡಿದರು.

ಲಾಸ್ಯಾ ಯೋಚಿಸಿದಳು. “ಗೆದ್ರೆ, ಅವತ್ತು ಅವರು ಚೆನ್ನಾಗಿ ಆಡಿದ್ರು ಅಂತ. ಅಷ್ಟೇ.”

ಅಪ್ಪ ಹೂಂ ಎಂದು ತಲೆಯಾಡಿಸಿದರು. ಆದರೆ ಅವರು ಇನ್ನೂ ಪೂರ್ತಿ ನಂಬಿಲ್ಲ ಅಂತ ಲಾಸ್ಯಾಗೆ ಕಂಡಿತು. ಮೇಲಿನಿಂದ ಅಮ್ಮ ಊಟಕ್ಕೆ ಕರೆದರು. ಅವಳು ಏಳಲಿಲ್ಲ. ಅಪ್ಪ ತಾವಾಗಿಯೇ ಏಳುವವರೆಗೂ ಪಕ್ಕದಲ್ಲೇ ಕೂತಿದ್ದಳು.