ದುಪ್ಪಟಿಯ ಆಚೆಯ ತುದಿ

"ಇದನ್ನ ಹೀಗೆ ಮಡಿಸಿಟ್ಟೋರು ಯಾರು?"

ಆರ್ಮೆಲ್ ಕೇಳಿದ ದನಿಯಲ್ಲಿ ಕುತೂಹಲಕ್ಕಿಂತ ಆಕ್ಷೇಪಣೆಯೇ ಹೆಚ್ಚಾಗಿತ್ತು. ಮೇಜಿನಾಚೆ ನಿಂತಿದ್ದ ಗಂಡಸು ತಲೆಯೆತ್ತಿ ನೋಡಿದ. ಐವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಕಂದಿದ ಮುಖ.

ಆಗಸ್ಟ್ ತಿಂಗಳ ಭಾನುವಾರ. ಬೆರ್ರಿ ಸೀಮೆಯ ಆ ಹಳ್ಳಿಯಲ್ಲಿ ಅಂದು ಅಟ್ಟ ಖಾಲಿ ಮಾಡುವ ಸಂತೆ. ಚರ್ಚಿನ ಗೋಡೆಯುದ್ದಕ್ಕೂ ಜನ ತಮ್ಮ ತಮ್ಮ ಮನೆಯ ಹಳೆಯ ಗಡಿಯಾರ, ತಾಮ್ರದ ಪಾತ್ರೆ, ಹಿಡಿ ಹೋದ ಹೂಜಿಗಳನ್ನು ಹರಡಿಕೊಂಡು ಕೂತಿದ್ದರು. ಕೊನೆಯ ಮೇಜಿನ ಮೇಲೊಂದು ಮರದ ಪೆಟ್ಟಿಗೆ. ಅದರ ತುಂಬ ಲಿನನ್ ದುಪ್ಪಟಿಗಳು.

ಎಂಥ ಬಟ್ಟೆ! ಮುಟ್ಟಿದರೆ ಬಾವಿಯ ನೀರಿನಂತೆ ತಣ್ಣಗೆ. ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಎರಡು ಅಕ್ಷರ. ಯಾವಳೋ ಹುಡುಗಿ ತನ್ನ ಮದುವೆಗೆಂದು ವರ್ಷಗಟ್ಟಲೆ ಕೂತು ಹೊಲಿದದ್ದು. ಆದರೆ ಅಂಚಿಗೆ ಅಂಚು ಸೇರಿರಲಿಲ್ಲ. ಒಂದೊಂದೂ ಹಗ್ಗದಂತೆ ಹೊಸೆದುಕೊಂಡಿತ್ತು.

ನಾಂತ್ ನಗರದ ಹೋಟೆಲ್ಲೊಂದರ ಬಟ್ಟೆ ಉಗ್ರಾಣದಲ್ಲಿ ಇಪ್ಪತ್ತು ವರ್ಷ ದುಡಿದ ಆರ್ಮೆಲ್‌ಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ.

"ಇದನ್ನ ಮುದ್ದೆ ಮಾಡಿ ತುರುಕಿದೋರಿಗೆ ಬಟ್ಟೆ ಬೆಲೆ ಗೊತ್ತಿಲ್ಲ. ಇದನ್ನ ಹೊಲಿದ ಹೆಂಗಸಿನ ಮೇಲೆ ಗೌರವಾನೂ ಇಲ್ಲ."

ಆ ಗಂಡಸು ಅವಳ ಕೈಯಿಂದ ದುಪ್ಪಟಿಯನ್ನು ಮೆಲ್ಲನೆ ಬಿಡಿಸಿಕೊಂಡ. ಪೆಟ್ಟಿಗೆಗೆ ಹಾಕಿದ. ಮುಚ್ಚಳ ಮುಚ್ಚಿದ.

"ಇದನ್ನ ಇನ್ನು ಮಾರಲ್ಲ," ಎಂದವನೇ ಪೆಟ್ಟಿಗೆಯನ್ನು ಹೊತ್ತುಕೊಂಡು ತನ್ನ ವ್ಯಾನಿನ ಕಡೆ ನಡೆದ.

ಏನು ಸೊಕ್ಕು ಈ ಮನುಷ್ಯನಿಗೆ... ಆರ್ಮೆಲ್‌ಳ ಕೆನ್ನೆ ಬಿಸಿಯಾಯಿತು. ಅಕ್ಕಪಕ್ಕದವರು ತನ್ನನ್ನೇ ನೋಡುತ್ತಿದ್ದಾರೆನ್ನಿಸಿ ಅಲ್ಲಿಂದ ಹೊರಟುಬಂದಳು.

ಅವಳು ರಜೆಗೆಂದು ಬಾಡಿಗೆಗೆ ಹಿಡಿದಿದ್ದದ್ದು ಜಿನೆಟ್ ಎಂಬ ಮುದುಕಿಯ ಮನೆಯ ಮಹಡಿಯ ಕೋಣೆ. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಆರ್ಮೆಲ್ ನಡೆದದ್ದನ್ನು ಹೇಳಿಕೊಂಡಳು. ಮುದುಕಿ ಮೊದಲು ನಕ್ಕಳು. ಆಮೇಲೆ ಯಾರ ಮೇಜು ಅದು ಎಂದು ತಿಳಿದ ಕೂಡಲೇ ಅವಳ ಕೈ ನಿಂತಿತು.

ಅವನ ಹೆಸರು ಸಿಲ್ವೆನ್, ಮೇಕೆ ಸಾಕಿ ಚೀಸ್ ಮಾಡುವವನು ಎಂದಳು ಜಿನೆಟ್. ತೂರ್ ಪಟ್ಟಣದ ಹುಡುಗಿಯೊಬ್ಬಳ ಜೊತೆ ಮದುವೆ ಮಾತಾಗಿ ತಪ್ಪಿಹೋದ ಮೇಲೆ ತಾಯಿ, ಮಗ ಇಬ್ಬರೇ ಇದ್ದರಂತೆ. ಆ ತಾಯಿ ಏಪ್ರಿಲ್‌ನಲ್ಲಿ ತೀರಿಕೊಂಡಳು. ವರ್ಷಕ್ಕೆರಡು ಸಲ ಆ ಹನ್ನೆರಡು ದುಪ್ಪಟಿಗಳನ್ನೂ ಒಗೆದು, ಬೇಲಿಯ ಮೇಲೆ ಒಣಗಿಸಿ, ತಾಯಿ ಒಂದು ತುದಿ, ಮಗ ಒಂದು ತುದಿ ಹಿಡಿದು ಮಡಿಸುವುದನ್ನು ಊರೇ ನೋಡಿತ್ತು. ಈ ಸಲ ಅವನೊಬ್ಬನೇ ಒಂದು ತುದಿಯನ್ನು ಗೇಟಿಗೆ ಸಿಕ್ಕಿಸಿಕೊಂಡು ಪರದಾಡುತ್ತಿದ್ದನಂತೆ.

"ಮೂರು ಗಜದ ಬಟ್ಟೆ ಕಣೇ. ಆ ಕಡೆ ಹಿಡಿಯೋಕೆ ಅವನಿಗೆ ಯಾರಿದ್ದಾರೆ?" ಎಂದಳು ಜಿನೆಟ್.

ಆರ್ಮೆಲ್ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟಳು. ನಾಂತ್‌ನ ತನ್ನ ಮೂರನೇ ಮಹಡಿಯ ಮನೆ ಕಣ್ಣ ಮುಂದೆ ಬಂತು. ಗಂಡ ಬಿಟ್ಟುಹೋದ ಹನ್ನೊಂದು ವರ್ಷದಿಂದ ಅವಳೂ ಹಾಗೆಯೇ... ಗಲ್ಲದ ಕೆಳಗೆ ಒಂದು ಅಂಚನ್ನು ಒತ್ತಿಹಿಡಿದು, ಕೈ ಚಾಚಿದಷ್ಟು ಚಾಚಿ, ಉಳಿದದ್ದು ನೆಲಕ್ಕೆ ಜಾರಿದರೆ ಮತ್ತೆ ಮೊದಲಿನಿಂದ. ಪ್ರತಿ ರಜೆಯಲ್ಲೂ ಒಂದೊಂದು ಊರಿನಿಂದ ಹಳೆಯ ದುಪ್ಪಟಿ ಕೊಂಡು ತರುತ್ತಿದ್ದಳು. ಬೀರು ತುಂಬಿತ್ತು. ಮಲಗುವವಳು ಅವಳೊಬ್ಬಳೇ.

ಅಂಥವನಿಗೆ ನಾನು ಅಂಥ ಮಾತು ಆಡಿದೆನಲ್ಲಾ!

ಸೋಮವಾರ ಅವನ ಮನೆಯ ಗೇಟಿನವರೆಗೆ ಹೋದಳು. ದೂರದಲ್ಲಿ ಅವನು ಮೇಕೆಗಳ ನಡುವೆ ನಿಂತದ್ದು ಕಂಡು ಧೈರ್ಯ ಸಾಲದೆ ಹಿಂದಿರುಗಿದಳು. ರಜೆ ಮುಗಿಯುವ ಮೊದಲೇ, ಬುಧವಾರ ಬೆಳಿಗ್ಗೆಯೇ ಹೊರಡುತ್ತೇನೆಂದು ಜಿನೆಟ್‌ಗೆ ಹೇಳಿಬಿಟ್ಟಳು. ಕ್ಷಮೆ ಕೇಳದೆ ಹೋದರೆ ಮಾತ್ರ ಆ ಮಾತು ತನ್ನನ್ನು ಬಿಡುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಗೇಟು ತೆರೆದು ಒಳಗೆ ನಡೆದಳು.

ಸಿಲ್ವೆನ್ ಚೀಸ್ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಅವಳನ್ನು ಗುರುತಿಸಿ ಹುಬ್ಬು ಗಂಟಿಕ್ಕಿದ.

"ಕೊಡಲ್ಲ ಅಂದಿದ್ನಲ್ಲ, ಮೇಡಂ."

"ಕೊಳ್ಳೋಕೆ ಬಂದಿಲ್ಲ," ಎಂದಳು ಆರ್ಮೆಲ್. "ಮಡಿಸೋಕೆ ಬಂದೆ."

ಅವನು ಕೈಯಲ್ಲಿದ್ದ ಒರಸುಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯನ್ನು ಹೊತ್ತುತಂದು ಸೇಬಿನ ಮರದ ಕೆಳಗೆ ಇಳಿಸಿದ.

ಅವಳು ಎರಡು ಮೂಲೆ ಹಿಡಿದಳು, ಅವನು ಎರಡು. ಹಿಂದಕ್ಕೆ ಸರಿದು ಎಳೆದರು. ಬಟ್ಟೆ ಬಿಗಿಯಾಗಿ ಸುಕ್ಕು ಸಡಿಲಿತು. ಉದ್ದಕ್ಕೆ ಮಡಿಸಿ ಒಬ್ಬರತ್ತ ಒಬ್ಬರು ನಡೆದುಬಂದರು. ಅವನ ಮೂಲೆಗಳನ್ನು ಅವಳು ತೆಗೆದುಕೊಂಡಳು. ಅವನು ಬಗ್ಗಿ, ಜೋತುಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದಕ್ಕೆ ಸರಿದ.

ಮೂರು ದುಪ್ಪಟಿ ಮಡಿಸಿಯಾಯಿತು. ನಾಲ್ಕನೆಯದನ್ನು ಇನ್ನಷ್ಟು ಎಳೆಯಬೇಕೆಂದು ಅವನೇ ಹೇಳಿದ. ಅವಳು ಜೋರಾಗಿ ಎಳೆದಾಗ ಮುಗ್ಗರಿಸಿದ. ನಿಮ್ಮ ಮೇಕೆಗಳಾದರೂ ಇಷ್ಟು ಸುಲಭವಾಗಿ ಬೀಳಲಿಕ್ಕಿಲ್ಲ ಎಂದು ಅವಳು ಕೆಣಕಿದಳು. ಅವನು ನಕ್ಕ. ಆ ನಗು ಅವನಿಗೇ ಹೊಸದೆನ್ನಿಸಿದಂತೆ ಥಟ್ಟನೆ ನಿಂತಿತು.

ಏಳನೆಯದರಲ್ಲಿ ಕೈಗೆ ಕೈ ಸೇರಿದಾಗ ಅವಳು ಮೂಲೆಗಳನ್ನು ತೆಗೆದುಕೊಳ್ಳಲಿಲ್ಲ.

"ಅವತ್ತು ನಾನಾಡಿದ ಮಾತು ತಪ್ಪು."

"ಮಾತು ಸರಿಯಾಗೇ ಇತ್ತು," ಎಂದ ಸಿಲ್ವೆನ್ ತಗ್ಗಿದ ದನಿಯಲ್ಲಿ. "ಅದಕ್ಕೇ ನೋವಾಯ್ತು. ಅಮ್ಮ ಇದ್ದಿದ್ರೆ ಅವಳೂ ಅದನ್ನೇ ಅಂತಿದ್ಲು."

ಹನ್ನೆರಡೂ ಮುಗಿದವು. ಹುಲ್ಲಿನ ಮೇಲೆ ಅಂಚಿಗೆ ಅಂಚು ಕೂಡಿದ ಬಿಳಿಯ ರಾಶಿ. ಆರ್ಮೆಲ್ ಕೈ ಕೊಡವಿಕೊಂಡಳು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಇನ್ನು ಹೋಗಬೇಕು. ಆದರೂ ಎದೆಯ ಭಾರ ಯಾಕೆ ಇಳಿದಿಲ್ಲ? ಬೆಳಗಿನ ರೈಲು, ಮೂರನೇ ಮಹಡಿ, ಬಾಗಿಲು ತೆರೆದರೆ ತನ್ನದೇ ಹೆಜ್ಜೆಯ ಸದ್ದು...

"ಬರ್ತೀನಿ," ಎಂದಳು.

ಸಿಲ್ವೆನ್ ಬಗ್ಗಿ, ಮೇಲಿನ ದುಪ್ಪಟಿಯನ್ನು ಎತ್ತಿಕೊಂಡ. ಎರಡು ಮೂಲೆ ಹಿಡಿದು ಒಮ್ಮೆ ಝಾಡಿಸಿದ. ಮಡಿಕೆಯೆಲ್ಲ ಬಿಚ್ಚಿ ಬಟ್ಟೆ ಹುಲ್ಲಿನ ಮೇಲೆ ಹರಡಿಕೊಂಡಿತು.

"ಏನ್ ಮಾಡ್ತಿದೀರಿ? ಚೆನ್ನಾಗೇ ಇತ್ತಲ್ಲ."

"ಚೆನ್ನಾಗೇ ಇತ್ತು."

"ಮತ್ತೆ?"

"ಎಲ್ಲ ಮುಗಿದ್ರೆ ನೀವು ಹೊರಟುಬಿಡ್ತೀರಿ." ಅವನು ತನ್ನ ಕೈಯಲ್ಲಿದ್ದ ಅಂಚನ್ನೇ ನೋಡುತ್ತಿದ್ದ. "ನಾಳೆ ರೈಲು ಅಂತ ಜಿನೆಟ್ ಅಂದ್ಲು, ನಿಮ್ಮ ಹೆಸರೂ ಅವಳೇ ಹೇಳಿದ್ದು. ನೀವು ಹೋಗೋದು ನಂಗೆ ಬೇಡ, ಆರ್ಮೆಲ್."

ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಆರ್ಮೆಲ್‌ಳ ಕಣ್ಣು ಮಂಜಾಯಿತು. ಬಗ್ಗಿ ಹುಲ್ಲಿನಲ್ಲಿ ತಡಕಾಡಿ ಆಚೆಯ ಎರಡು ಮೂಲೆಗಳನ್ನು ಹಿಡಿದುಕೊಂಡಳು.

"ನಿಮ್ಮ ರಜೆ ಇನ್ನೆಷ್ಟು ದಿನ ಇದೆ?" ಎಂದು ಅವನು ಕೇಳಿದ.

"ಎಂಟು."

"ದುಪ್ಪಟಿ ಹನ್ನೆರಡಿವೆ."

"ಹಾಗಾದ್ರೆ ದಿನಕ್ಕೆ ಒಂದೇ ಬಿಚ್ಚಿ," ಎಂದಳು ಆರ್ಮೆಲ್. "ಮಿಕ್ಕಿದ್ದಕ್ಕೆ ಮತ್ತೆ ಬರ್ತೀನಿ."